ಇಳಿದು ಬೇರೆ ಗಾಡಿ ಹತ್ತೋಕೆ ಆಗುತ್ತಾ?

ಹೋದ ದೀಪಾವಳಿಗೆ ಊರಿಗೆ ಹೊರಟ ಸಂಜೆ. ಯಲಹಂಕ ಉಪನಗರದ ಬಸ್ ಸ್ಟಾಪ್ ಎದುರು ನಾವು ಮೂವರು, ಐದು ಬ್ಯಾಗು, ಮೂರು ಫೋನು. ಯಶವಂತಪುರದಿಂದ ಹುಬ್ಬಳ್ಳಿ ಕಡೆ ಹೋಗೋ ಟ್ರೈನಿಗೆ ಇನ್ನು ಒಂದೂವರೆ ಗಂಟೆ. ಒಂದು ಫೋನಲ್ಲಿ ಆಟೋಗೆ 340 ರೂಪಾಯಿ ಅಂತ ತೋರಿಸ್ತು. ಅದೇ ಆ್ಯಪ್ ಪಕ್ಕದವನ ಫೋನಲ್ಲಿ 365 ಅಂತು. ಇನ್ನೊಂದು ಆ್ಯಪ್ ಬೆಲೆ ಕಡಿಮೆ ತೋರಿಸಿ, 'ಟಿಪ್ ಸೇರಿಸಿದರೆ ಬೇಗ ಸಿಗುತ್ತೆ' ಅಂತ ಮೆಲ್ಲಗೆ ಹೇಳ್ತು. ಅಷ್ಟರಲ್ಲಿ ಖಾಲಿ ಆಟೋ ಒಂದು ನಿಂತಿತು.

“ಯಶವಂತಪುರನಾ? ನಾನೂರು ಕೊಡಿ.”

“ಅಣ್ಣಾ, ಮೀಟರ್ ಹಾಕಲ್ವಾ?”

“ಮೀಟರ್ ಹಾಕಿದ್ರೆ ನಂಗೇನು ಉಳಿಯುತ್ತೆ ಹೇಳಿ. ಬಿಇಎಲ್ ಸರ್ಕಲ್ ಜಾಮ್‌ನಲ್ಲಿ ಅರ್ಧ ಗಂಟೆ, ವಾಪಸ್ ಬರೋವಾಗ ಖಾಲಿ ಗಾಡಿ.”

ಮೀಟರ್ ಲೆಕ್ಕ ಏನು ಹೇಳುತ್ತೆ ನೋಡೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಲ್ಲಿ ಆಟೋ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ದೂರ 14 ಕಿಲೋಮೀಟರ್ ಅಂತ ಇಟ್ಟುಕೊಂಡರೆ 36ಕ್ಕೆ 12 ಸಲ 18 ಸೇರಿಸಿ, 252 ರೂಪಾಯಿ. ನಾವು ಕೊಟ್ಟಿದ್ದು ನಾನೂರು. ಟ್ರೈನ್ ಮಿಸ್ ಆಗಲಿಲ್ಲ ಅನ್ನೋದೊಂದೇ ಸಮಾಧಾನ.

ತುಮಕೂರು ದಾಟೋವರೆಗೂ ನಮ್ಮ ಮಧ್ಯೆ ಇದೇ ಜಗಳ. ಒಬ್ಬ ಅಂದ, ಸರ್ಕಾರ ದರ ಕಟ್ಟಿಹಾಕಬೇಕು, ಮೀರಿದವರಿಗೆ ದಂಡ ಹಾಕಬೇಕು. ಇನ್ನೊಬ್ಬ ಅಂದ, ಮಾರ್ಕೆಟ್‌ಗೆ ಬಿಟ್ಟುಬಿಡಿ, ಪೈಪೋಟಿ ಇದ್ದರೆ ತಾನಾಗೇ ಬೆಲೆ ಇಳಿಯುತ್ತೆ. ಮೂರನೆಯವನ ಪ್ರಶ್ನೆ ಸುಲಭವಾಗಿತ್ತು, ಉತ್ತರ ಸುಲಭವಾಗಿರಲಿಲ್ಲ: “ಇಷ್ಟೊಂದು ಆ್ಯಪ್ ಇದ್ದೂ ನಮಗ್ಯಾಕೆ ಆಯ್ಕೆ ಇಲ್ಲ ಅನ್ನಿಸ್ತಿದೆ?”

ರಜೆ ಮುಗಿಸಿ ಬಂದಮೇಲೆ ಓದೋಕೆ ಕೂತೆವು. ನಾವ್ಯಾರೂ ಕಾನೂನು ವಿದ್ಯಾರ್ಥಿಗಳಲ್ಲ. ಆದರೆ ಓದ್ತಾ ಹೋದಂತೆ ಒಂದು ವಿಷಯ ಗೊತ್ತಾಯ್ತು. ದೇಶದ ಸ್ಪರ್ಧಾ ಕಾನೂನಿನಲ್ಲಿ 'ಗ್ರಾಹಕರ ಹಿತ' ಅಂದರೇನು ಅನ್ನೋ ಪ್ರಶ್ನೆಗೆ ಒಳ್ಳೆಯ ಪಾಠ ಸಿಗೋದು ನಮ್ಮ ಬೆಂಗಳೂರಿನ ಟ್ಯಾಕ್ಸಿ, ಆಟೋಗಳಲ್ಲೇ.

ಕಾಯ್ದೆ ಯಾರನ್ನ ಕಾಯುತ್ತೆ?

ಮೊದಲು 1969ರ ಎಂಆರ್‌ಟಿಪಿ ಕಾಯ್ದೆ ಇತ್ತು. ಕಂಪನಿ ತುಂಬಾ ದೊಡ್ಡದಾಗಿ ಬೆಳೆಯೋದೇ ಅಪಾಯ ಅನ್ನೋದು ಅದರ ಗುಮಾನಿ. 1991ರ ಉದಾರೀಕರಣದ ನಂತರ ಆ ಯೋಚನೆ ಹಳೆಯದಾಯ್ತು. ರಾಘವನ್ ಸಮಿತಿಯ ವರದಿ ಬಂತು, 2002ರಲ್ಲಿ ಸ್ಪರ್ಧಾ ಕಾಯ್ದೆ ಬಂತು. ಅದರ ಮುಖ್ಯ ಸೆಕ್ಷನ್‌ಗಳು ಜಾರಿಗೆ ಬಂದಿದ್ದು 2009ರ ಮೇ ತಿಂಗಳಲ್ಲಿ. ಇದನ್ನು ನೋಡಿಕೊಳ್ಳೋದು ಭಾರತೀಯ ಸ್ಪರ್ಧಾ ಆಯೋಗ, ಎಲ್ಲರೂ ಕರೆಯೋದು ಸಿಸಿಐ ಅಂತ.

ಹೊಸ ಕಾಯ್ದೆಯ ಪ್ರಕಾರ ದೊಡ್ಡವರಾಗೋದು ತಪ್ಪಲ್ಲ. ದೊಡ್ಡಸ್ತಿಕೆಯನ್ನು ದುರುಪಯೋಗ ಮಾಡೋದು ತಪ್ಪು. 3ನೇ ಸೆಕ್ಷನ್ ಒಳಒಪ್ಪಂದಗಳ ಬಗ್ಗೆ, 4ನೇ ಸೆಕ್ಷನ್ ಪ್ರಾಬಲ್ಯದ ದುರ್ಬಳಕೆ ಬಗ್ಗೆ. ಕಾಯ್ದೆಯ ಪೀಠಿಕೆಯಲ್ಲೇ ಮೂರು ಉದ್ದೇಶಗಳು ಒಟ್ಟಿಗೆ ಕೂತಿವೆ: ಸ್ಪರ್ಧೆಯನ್ನು ಉಳಿಸಬೇಕು, ಗ್ರಾಹಕರ ಹಿತ ಕಾಯಬೇಕು, ವ್ಯಾಪಾರ ಮಾಡುವವರ ಸ್ವಾತಂತ್ರ್ಯ ಕಾಪಾಡಬೇಕು. ಮೂರೂ ಒಂದೇ ದಿಕ್ಕಿಗೆ ಎಳೆಯುವಾಗ ಸಮಸ್ಯೆ ಇಲ್ಲ. ಬೇರೆ ಬೇರೆ ದಿಕ್ಕಿಗೆ ಎಳೆದಾಗ ಯಾವುದು ಮೇಲು?

ಅಮೆರಿಕದಲ್ಲಿ ಈ ಪ್ರಶ್ನೆಗೆ 1978ರಲ್ಲಿ ರಾಬರ್ಟ್ ಬೋರ್ಕ್ ಖಡಕ್ಕಾಗಿ ಉತ್ತರ ಕೊಟ್ಟರು: ಗ್ರಾಹಕರ ಹಿತ ಒಂದೇ ಅಳತೆಗೋಲು. ಆಮೇಲಿನ ದಶಕಗಳಲ್ಲಿ ಈ ಮಾತು ನಿಧಾನವಾಗಿ 'ಬೆಲೆ ಏರದಿದ್ದರೆ ಗ್ರಾಹಕರಿಗೆ ನಷ್ಟವಿಲ್ಲ' ಅನ್ನೋ ಅರ್ಥಕ್ಕೆ ಕುಗ್ಗಿತು. 2017ರಲ್ಲಿ, ಇನ್ನೂ ಕಾನೂನು ವಿದ್ಯಾರ್ಥಿನಿಯಾಗಿದ್ದ ಲೀನಾ ಖಾನ್, ಅಮೆಜಾನ್ ಬಗ್ಗೆ ಬರೆದ ದೀರ್ಘ ಪ್ರಬಂಧದಲ್ಲಿ ಇದನ್ನೇ ಪ್ರಶ್ನಿಸಿದರು. ನಷ್ಟ ಮಾಡಿಕೊಂಡಾದರೂ ಅಗ್ಗವಾಗಿ ಕೊಟ್ಟು ಬೆಳೆಯುವ ಪ್ಲಾಟ್‌ಫಾರ್ಮ್‌ಗಳ ಅಪಾಯ ಇವತ್ತಿನ ಬೆಲೆಯಲ್ಲಿ ಕಾಣೋದೇ ಇಲ್ಲ ಅನ್ನೋದು ಅವರ ವಾದ.

ವಿಚಿತ್ರ ಅಂದರೆ, ಅದೇ ವರ್ಷ ಸಿಸಿಐ ಇದೇ ಪ್ರಶ್ನೆಗೆ ಬೆಂಗಳೂರಿನ ಕೇಸಿನಲ್ಲಿ ಉತ್ತರ ಕೊಟ್ಟಿತ್ತು.

344ಕ್ಕೆ 574 ಖರ್ಚು

2015ರ ಆಸುಪಾಸು ನೆನಪಿರೋ ಅಣ್ಣ-ಅಕ್ಕಂದಿರನ್ನ ಕೇಳಿ. ಕೂಪನ್ ಮೇಲೆ ಕೂಪನ್, ಆಟೋಗಿಂತ ಅಗ್ಗಕ್ಕೆ ಎಸಿ ಕಾರು. ಅದಕ್ಕೂ ಮುಂಚೆ ಫೋನ್ ಮಾಡಿ ಕರೆಸಿಕೊಳ್ಳೋ ಟ್ಯಾಕ್ಸಿಗಳ ಕಾಲ. ಆ ಕಾಲದ ಎರಡು ಕಂಪನಿಗಳು, ಫಾಸ್ಟ್ ಟ್ರ್ಯಾಕ್ ಮತ್ತು ಮೇರು, ಓಲಾ ನಡೆಸುವ ಎಎನ್ಐ ಟೆಕ್ನಾಲಜೀಸ್ ವಿರುದ್ಧ ಸಿಸಿಐಗೆ ಹೋದವು. ದೂರಿನಲ್ಲಿದ್ದ ಲೆಕ್ಕ ಹೀಗಿದೆ: ಒಂದು ಟ್ರಿಪ್‌ನಿಂದ ಬರೋದು ಸರಾಸರಿ 344 ರೂಪಾಯಿ, ಪ್ರಯಾಣಿಕರ ರಿಯಾಯಿತಿ ಮತ್ತು ಚಾಲಕರ ಇನ್ಸೆಂಟಿವ್ ಸೇರಿ ಆಗೋ ಖರ್ಚು 574. ಅಂದರೆ ಪ್ರತಿ ಟ್ರಿಪ್‌ಗೆ 230 ರೂಪಾಯಿ ಕೈಯಿಂದ ಹೋಗುತ್ತೆ. ಹೂಡಿಕೆದಾರರ ದುಡ್ಡಲ್ಲಿ ನಷ್ಟ ಮಾಡಿಕೊಂಡು ನಮ್ಮನ್ನು ಮುಗಿಸ್ತಿದ್ದಾರೆ ಅನ್ನೋದು ದೂರು.

ಎದುರಾಳಿಯನ್ನು ಮಾರುಕಟ್ಟೆಯಿಂದ ಓಡಿಸೋ ಉದ್ದೇಶದಿಂದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ಮಾರೋದನ್ನ ಕಾಯ್ದೆಯಲ್ಲಿ ಪ್ರಿಡೇಟರಿ ಪ್ರೈಸಿಂಗ್ ಅಂತಾರೆ. ಆದರೆ ಇದು ತಪ್ಪಾಗಬೇಕಾದರೆ ಮೊದಲು ಆ ಕಂಪನಿಗೆ ಪ್ರಾಬಲ್ಯ ಇರಬೇಕು. ಪ್ರಾಬಲ್ಯ ಇಲ್ಲದವರು ನಷ್ಟಕ್ಕೆ ಮಾರಿದರೆ ಅದು ಅವರ ಹಣೆಬರಹ.

2015ರ ಏಪ್ರಿಲ್‌ನಲ್ಲಿ ಸಿಸಿಐ ತನಿಖೆಗೆ ಆದೇಶಿಸಿತು. 2017ರ ಜುಲೈನಲ್ಲಿ ಅಂತಿಮ ತೀರ್ಮಾನ ಬಂತು. ಮಾರುಕಟ್ಟೆ ಅಂದರೆ 'ಬೆಂಗಳೂರಿನ ರೇಡಿಯೋ ಟ್ಯಾಕ್ಸಿ ಸೇವೆ' ಅಂತ ಗೆರೆ ಎಳೆದುಕೊಂಡ ಆಯೋಗ, ಆ ಗೆರೆಯೊಳಗೆ ಓಲಾಗೆ ಪ್ರಾಬಲ್ಯ ಇದೆ ಅಂತ ಸಾಬೀತಾಗಿಲ್ಲ ಎಂದಿತು. ಉಬರ್ ವೇಗವಾಗಿ ಬೆಳೀತಿತ್ತು. ಮಾರುಕಟ್ಟೆ ಇನ್ನೂ ರೂಪುಗೊಳ್ಳುತ್ತಿತ್ತು. ಚಾಲಕರು, ಪ್ರಯಾಣಿಕರು ಇಬ್ಬರೂ ಆ್ಯಪ್ ಬದಲಾಯಿಸಬಹುದಿತ್ತು. ಹೊಸದಾಗಿ ನೆಟ್‌ವರ್ಕ್ ಕಟ್ಟೋವಾಗ ರಿಯಾಯಿತಿ ಸಹಜ ಅನ್ನೋ ವಾದಕ್ಕೂ ತೂಕ ಸಿಕ್ಕಿತು. ಕೇಸ್ ಮುಗೀತು.

ಈ ತೀರ್ಮಾನ ಸರಿಯಾ ತಪ್ಪಾ? ನಮ್ಮೊಳಗೆ ಒಮ್ಮತ ಇಲ್ಲ. ಪ್ರಾಮಾಣಿಕವಾಗಿ ಹೇಳೋದಾದರೆ, ಆಗ ಸಿಸಿಐ ರಿಯಾಯಿತಿ ನಿಲ್ಲಿಸಿದ್ದರೆ ಮೊದಲು ಬೈತಿದ್ದವರು ಪ್ರಯಾಣಿಕರೇ. ರಾತ್ರಿ ಹನ್ನೊಂದಕ್ಕೆ ಆರ್.ಟಿ. ನಗರದ ಗಲ್ಲಿಗೆ ಹತ್ತು ನಿಮಿಷದಲ್ಲಿ ಕಾರು ಬರೋದು ಬೆಂಗಳೂರು ಅದಕ್ಕೂ ಮುಂಚೆ ಕಂಡಿರಲಿಲ್ಲ. ಹಳೇ ಕಂಪನಿಗಳನ್ನ ಉಳಿಸೋಕೆ ಗ್ರಾಹಕರ ಮೇಲೆ ಬೆಲೆ ಹೇರೋದು ಸ್ಪರ್ಧಾ ಕಾನೂನಿನ ಕೆಲಸ ಅಲ್ಲ. ಕಾನೂನು ಕಾಯಬೇಕಾದ್ದು ಸ್ಪರ್ಧೆಯನ್ನ, ಸ್ಪರ್ಧಿಗಳನ್ನಲ್ಲ.

ಆದರೆ ಅಲ್ಲೊಂದು ಫೀಡ್‌ಬ್ಯಾಕ್ ಲೂಪ್ ಇದೆ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಬೇಗ ಅರ್ಥ ಆಗುತ್ತೆ. ಒಂದು ಆ್ಯಪಲ್ಲಿ ಹೆಚ್ಚು ಆಟೋ ಇದ್ದರೆ ನಮಗೆ ಗಾಡಿ ಬೇಗ ಸಿಗುತ್ತೆ. ಬೇಗ ಸಿಕ್ಕರೆ ಹೆಚ್ಚು ಜನ ಅಲ್ಲಿಗೇ ಬರ್ತಾರೆ. ಜನ ಹೆಚ್ಚಾದರೆ ಚಾಲಕರಿಗೆ ಖಾಲಿ ಓಡಾಟ ಕಡಿಮೆ, ಹಾಗಾಗಿ ಇನ್ನಷ್ಟು ಆಟೋ ಅಲ್ಲಿಗೇ ಬರುತ್ತವೆ. ಇದು ಪಾಸಿಟಿವ್ ಫೀಡ್‌ಬ್ಯಾಕ್. ಶುರುವಿನಲ್ಲಿ ಸುರಿದ ರಿಯಾಯಿತಿ ಈ ಲೂಪ್‌ಗೆ ಕೊಟ್ಟ ಕಿಕ್. ಲೂಪ್ ಒಮ್ಮೆ ಮೇಲೆ ಹೋಗಿ ನಿಂತಮೇಲೆ ರಿಯಾಯಿತಿ ತೆಗೆದರೂ ಅದು ಹಳೇ ಜಾಗಕ್ಕೆ ವಾಪಸ್ ಬರಲ್ಲ. ಆ ಹೊತ್ತಿಗೆ ಫೋನ್ ಮಾಡಿ ಕರೆಸೋ ಟ್ಯಾಕ್ಸಿ ಕಂಪನಿಗಳು ಸೊರಗಿರುತ್ತವೆ, ಸ್ಟ್ಯಾಂಡಿನಲ್ಲಿ ಕಾಯೋ ಅಭ್ಯಾಸ ಚಾಲಕರಿಗೂ ತಪ್ಪಿರುತ್ತೆ, ನಮಗೂ ತಪ್ಪಿರುತ್ತೆ. ಇವತ್ತಿನ ಬೆಲೆ ಮಾತ್ರ ನೋಡೋ ಅಳತೆಗೋಲು ಸಿಸ್ಟಮ್‌ನ ಒಂದು ಕ್ಷಣದ ಔಟ್‌ಪುಟ್ ನೋಡುತ್ತೆ, ಟ್ರ್ಯಾನ್ಸಿಯೆಂಟ್ ಮುಗಿದಮೇಲೆ ಏನಾಗುತ್ತೆ ಅಂತ ನೋಡಲ್ಲ.

ಆಟೋ ಸರದಿ

ಏಳು ವರ್ಷ ಮುಂದಕ್ಕೆ ಬನ್ನಿ. 2022ರ ಸೆಪ್ಟೆಂಬರ್-ಅಕ್ಟೋಬರ್. ಆಗ ಸರ್ಕಾರಿ ಆಟೋ ದರ ಮೊದಲ 2 ಕಿಲೋಮೀಟರಿಗೆ 30 ರೂಪಾಯಿ. ಆ್ಯಪ್‌ಗಳಲ್ಲಿ ಕನಿಷ್ಠ 100 ತೆಗೊಳ್ತಿದ್ದಾರೆ ಅಂತ ಜನರ ದೂರು. ಅಕ್ಟೋಬರ್‌ನಲ್ಲಿ ಸಾರಿಗೆ ಇಲಾಖೆ ಓಲಾ, ಉಬರ್, ರ‍್ಯಾಪಿಡೋ ಮೂರಕ್ಕೂ ಆಟೋ ಸೇವೆ ನಿಲ್ಲಿಸಿ ಅಂತ ನೋಟಿಸ್ ಕೊಟ್ಟಿತು. ವಿಷಯ ಹೈಕೋರ್ಟಿಗೆ ಹೋಯ್ತು. ನವೆಂಬರ್‌ನಲ್ಲಿ ಸರ್ಕಾರ ಹೊಸ ಆದೇಶ ಹೊರಡಿಸಿ, ಸರ್ಕಾರಿ ದರದ ಮೇಲೆ 5 ಶೇಕಡ ಸೇವಾ ಶುಲ್ಕ ಮತ್ತು ಜಿಎಸ್‌ಟಿ ಮಾತ್ರ ಅಂದಿತು. 2024ರ ಮೇ ತಿಂಗಳಲ್ಲಿ ಹೈಕೋರ್ಟ್ ಆ ಮಿತಿಯನ್ನ ಎತ್ತಿಹಿಡಿಯಿತು.

ಇಲ್ಲೊಂದು ವಿಷಯ ಗಮನಿಸಬೇಕು. ಇದನ್ನೆಲ್ಲ ಮಾಡಿದ್ದು ಸಿಸಿಐ ಅಲ್ಲ, ಸಾರಿಗೆ ಇಲಾಖೆ. ಹಿಡಿದ ದಾರಿಯೂ ಸ್ಪರ್ಧೆಯದ್ದಲ್ಲ, ದರ ನಿಯಂತ್ರಣದ್ದು. ದರ ನಿಗದಿ ಬೇಡ ಅಂತ ನಾವು ಹೇಳ್ತಿಲ್ಲ. ಮಳೆ ಸುರಿವಾಗ ಹೆಬ್ಬಾಳ ಫ್ಲೈಓವರ್ ಕೆಳಗೆ ನಿಂತವರಿಗೆ ಅದೊಂದೇ ಆಸರೆ. ಆದರೆ ಆದೇಶ ಬೆಲೆಯನ್ನ ಬರೆಯಬಲ್ಲದು, ಗಾಡಿಯನ್ನ ಕರೆಸಲಾರದು. 252 ರೂಪಾಯಿ ಅನ್ನೋದು ಗೆಜೆಟ್‌ನಲ್ಲಿತ್ತು, ಯಲಹಂಕದ ಬಸ್ ಸ್ಟಾಪ್‌ನಲ್ಲಿ ಇರಲಿಲ್ಲ.

ಅದೇ ನವೆಂಬರ್‌ನಲ್ಲಿ ಇನ್ನೊಂದು ಘಟನೆ ಆಯ್ತು. ಬೆಂಗಳೂರಿನ ಜಸ್‌ಪೇ ಕಂಪನಿ ಆಟೋ ಚಾಲಕರ ಯೂನಿಯನ್ ಎಆರ್‌ಡಿಯು ಜೊತೆ ಸೇರಿ 'ನಮ್ಮ ಯಾತ್ರಿ' ಹೊರತಂದಿತು. ಬೆಕ್ನ್ ಅನ್ನೋ ಮುಕ್ತ ಪ್ರೋಟೋಕಾಲ್ ಮೇಲೆ ಕಟ್ಟಿದ ಆ್ಯಪ್. ಟ್ರಿಪ್‌ನಲ್ಲಿ ಕಮಿಷನ್ ಇಲ್ಲ, ಪ್ರಯಾಣಿಕ ಕೊಟ್ಟಿದ್ದು ನೇರ ಚಾಲಕರಿಗೆ. 2023ರಲ್ಲಿ ಚಾಲಕರಿಂದ ದಿನಕ್ಕೆ 25 ರೂಪಾಯಿಯಂಥ ಸಣ್ಣ ಚಂದಾ ಶುರು ಮಾಡಿತು. ಮುಂದಿನ ಒಂದೆರಡು ವರ್ಷದಲ್ಲಿ ರ‍್ಯಾಪಿಡೋ, ಓಲಾ, ಉಬರ್ ಮೂರೂ ಆಟೋ ವಿಷಯದಲ್ಲಿ ಕಮಿಷನ್ ಬಿಟ್ಟು ಚಂದಾ ಪದ್ಧತಿಗೆ ಬಂದವು. ಯಾವ ಕೋರ್ಟೂ ಹೀಗೆ ಮಾಡಿ ಅಂತ ಹೇಳಿರಲಿಲ್ಲ. ಚಾಲಕರಿಗೆ ಹೋಗೋಕೆ ಇನ್ನೊಂದು ಜಾಗ ಸಿಕ್ಕಿತ್ತು, ಅಷ್ಟೇ.

ಪೈಪೋಟಿ ಬಂತು, ಆದರೆ ಯಾರ ಕಡೆ?

ಇಲ್ಲಿ ಕೆಲವರು ಕೇಳ್ತಾರೆ: ಸರಿ, ಲಾಭ ಆಗಿದ್ದು ಚಾಲಕರಿಗೆ, ಗ್ರಾಹಕರಿಗೇನು ಬಂತು? ನ್ಯಾಯವಾದ ಪ್ರಶ್ನೆ. ಇದಕ್ಕೆ ಎರಡು ಉತ್ತರ ಇದೆ.

ಮೊದಲನೆಯದು ನಮಗೇ ಆಶ್ಚರ್ಯ ತಂದಿದ್ದು. ಗ್ರಾಹಕ ಅಂದರೆ ಯಾರು ಅಂತ ಸ್ಪರ್ಧಾ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ ನೋಡಿ. ಗ್ರಾಹಕರ ರಕ್ಷಣಾ ಕಾಯ್ದೆ ವ್ಯಾಪಾರದ ಉದ್ದೇಶಕ್ಕೆ ಸೇವೆ ಪಡೆಯುವವರನ್ನ ಸಾಮಾನ್ಯವಾಗಿ ಹೊರಗಿಡುತ್ತೆ, ಸ್ವಂತ ದುಡಿಮೆಯ ಜೀವನೋಪಾಯಕ್ಕೆ ಮಾತ್ರ ವಿನಾಯಿತಿ. ಸ್ಪರ್ಧಾ ಕಾಯ್ದೆ ಹಾಗಲ್ಲ. ಸ್ವಂತಕ್ಕಾಗಲಿ, ವ್ಯಾಪಾರಕ್ಕಾಗಲಿ, ದುಡ್ಡು ಕೊಟ್ಟು ಸೇವೆ ಪಡೆದವರೆಲ್ಲ ಅಲ್ಲಿ ಗ್ರಾಹಕರೇ. ಅಂದರೆ ದಿನಕ್ಕೆ 25 ರೂಪಾಯಿ ಕಟ್ಟಿ ಆ್ಯಪ್ ಬಳಸೋ ಆಟೋ ಅಣ್ಣನೂ ಆ ಕಾಯ್ದೆಯ ಕಣ್ಣಲ್ಲಿ ಗ್ರಾಹಕ. ಹಿಂದೆ ಕೂತ ನಾವೂ ಗ್ರಾಹಕರು, ಮುಂದೆ ಹ್ಯಾಂಡಲ್ ಹಿಡಿದವರೂ ಗ್ರಾಹಕರು. ಪ್ಲಾಟ್‌ಫಾರ್ಮ್ ಮಾರುಕಟ್ಟೆಯ ಎರಡು ಬದಿಯನ್ನೂ ಒಟ್ಟಿಗೆ ಲೆಕ್ಕ ಹಾಕಬೇಕು ಅನ್ನೋಕೆ ಕಾನೂನಲ್ಲೇ ಜಾಗ ಇದೆ.

ಎರಡನೆಯ ಉತ್ತರ ಅಷ್ಟು ಸಿಹಿ ಅಲ್ಲ. ಕಮಿಷನ್ ಹೋದಮೇಲೆ ಆ್ಯಪ್‌ಗಳು 'ನಾವು ಬರೀ ಜೋಡಿಸೋರು, ಬೆಲೆ ನಿಮ್ಮಿಬ್ಬರ ಮಧ್ಯೆ' ಅನ್ನೋ ನಿಲುವಿಗೆ ಜಾರುವುದು ಸುಲಭ. ಗಾಡಿ ಹತ್ತಿದಮೇಲೆ ಹೆಚ್ಚಿಗೆ ಕೇಳಿದರೆ ದೂರು ಹೇಳೋದು ಯಾರಿಗೆ? ಆಮೇಲೆ ಟಿಪ್. ಗಾಡಿ ಬರೋಕೆ ಮುಂಚೆಯೇ ಕೊಡೋ ಟಿಪ್ ಟಿಪ್ ಅಲ್ಲ, ಹರಾಜು. 2025ರ ಮೇನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಈ ಮುಂಗಡ ಟಿಪ್ ಬಗ್ಗೆ ನೋಟಿಸ್ ಕೊಟ್ಟಿದ್ದು ಇದಕ್ಕೇ. ಅಂದರೆ ಒಂದು ಕಡೆ ಪೈಪೋಟಿ ಬಂದ ಮಾತ್ರಕ್ಕೆ ಇನ್ನೊಂದು ಕಡೆಯ ಹಿತ ತಾನಾಗೇ ಬರಲ್ಲ. ಚಾಲಕರು ನಾಲ್ಕು ಆ್ಯಪ್ ಒಟ್ಟಿಗೆ ಆನ್ ಮಾಡಿ ಒಳ್ಳೇ ಟ್ರಿಪ್ ಆರಿಸಿಕೊಳ್ಳಬಹುದು. ನಾವು ನಾಲ್ಕರಲ್ಲಿ ಬುಕ್ ಮಾಡಿದರೂ ಬರೋದು ಅದೇ ಆಟೋ.

ಇದರಿಂದ ನಮಗೆ ಸಿಕ್ಕ ಪಾಠ ಇದು. ಗ್ರಾಹಕರ ಹಿತ ಅಂದರೆ ಇವತ್ತಿನ ಬೆಲೆ ಅಲ್ಲ. ಮಾರುಕಟ್ಟೆಯಲ್ಲಿ ಎಷ್ಟು ಕಂಪನಿ ಇವೆ ಅನ್ನೋ ಎಣಿಕೆಯೂ ಅಲ್ಲ. ಇಷ್ಟ ಆಗದಿದ್ದರೆ ಇಳಿದು ಬೇರೆ ಗಾಡಿ ಹತ್ತೋ ಸ್ವಾತಂತ್ರ್ಯ ಎಷ್ಟಿದೆ ಅನ್ನೋದು. ಆ ಸ್ವಾತಂತ್ರ್ಯ ಇದ್ದಲ್ಲಿ ಬೆಲೆ, ಗುಣಮಟ್ಟ, ಮರ್ಯಾದೆ ಎಲ್ಲ ಹಿಂದೆಯೇ ಬರುತ್ತವೆ. ಅದು ಇಲ್ಲದ ಕಡೆ ಅಗ್ಗದ ಬೆಲೆಯೂ ಬರೀ ಸಾಲ, ಮುಂದೊಂದು ದಿನ ತೀರಿಸಬೇಕಾಗುತ್ತೆ.

ತಿದ್ದುಪಡಿಗಳನ್ನ ಈ ಪ್ರಶ್ನೆಗೆ ಒಡ್ಡೋಣ

2023ರಲ್ಲಿ ಸ್ಪರ್ಧಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯ್ತು. ಅದರಲ್ಲಿ ನಮಗೆ ಸಂಬಂಧಿಸಿದ ಮೂರನ್ನ ನೋಡೋಣ.

ಒಂದು, ಕಂಪನಿಗಳ ವಿಲೀನ. ಮೊದಲು ಆಸ್ತಿ ಮತ್ತು ವಹಿವಾಟು ದೊಡ್ಡದಿದ್ದರೆ ಮಾತ್ರ ಸಿಸಿಐ ಅನುಮತಿ ಬೇಕಿತ್ತು. ಸ್ಟಾರ್ಟಪ್‌ಗಳಿಗೆ ಆಸ್ತಿ ಎಲ್ಲಿರುತ್ತೆ? ಬಳಕೆದಾರರೇ ಅವರ ಆಸ್ತಿ. ಈಗ ಡೀಲ್ ಮೌಲ್ಯ 2,000 ಕೋಟಿ ಮೀರಿದರೆ, ಭಾರತದಲ್ಲಿ ಗಣನೀಯ ವ್ಯವಹಾರ ಇದ್ದರೆ, ಆಯೋಗದ ಮುಂದೆ ಬರಬೇಕು. ಒಳ್ಳೆಯದೇ. ಆದರೆ ಬೆಂಗಳೂರಿನದೇ ಉದಾಹರಣೆ ಇಟ್ಟು ನೋಡಿ. 2011ರಲ್ಲಿ ಇಲ್ಲೇ ಹುಟ್ಟಿದ ಟ್ಯಾಕ್ಸಿಫಾರ್‌ಶೂರ್ ಅನ್ನ 2015ರ ಮಾರ್ಚ್‌ನಲ್ಲಿ ಓಲಾ ಸುಮಾರು 20 ಕೋಟಿ ಡಾಲರ್‌ಗೆ ಕೊಂಡಿತು. ಆಗಿನ ಲೆಕ್ಕದಲ್ಲಿ ಸುಮಾರು 1,250 ಕೋಟಿ ರೂಪಾಯಿ. ಮರುವರ್ಷ ಆ ಆ್ಯಪೇ ಬಾಗಿಲು ಹಾಕಿತು. ಇವತ್ತಿನ 2,000 ಕೋಟಿಯ ಬಲೆಯೂ ಆ ಮೀನನ್ನ ಹಿಡಿಯಲ್ಲ. ದೇಶದ ಅಳತೆಗೆ ಅದು ಸಣ್ಣ ಡೀಲ್. ಆದರೆ ಒಂದು ಊರಿನ ಜನರಿಗೆ ಅದು ಹತ್ತಬಹುದಾದ ಗಾಡಿಗಳಲ್ಲಿ ಒಂದು ಕಡಿಮೆ ಆದಂತೆ. ಮಾರುಕಟ್ಟೆಯ ಗೆರೆಯನ್ನ ನಗರದ ಸುತ್ತ ಎಳೆಯೋ ಆಯೋಗ, ವಿಲೀನದ ಮಿತಿಯನ್ನೂ ನಗರದ ಕಣ್ಣಿಂದ ಒಮ್ಮೆ ನೋಡಬಾರದಾ?

ಎರಡು, ಅಲ್ಗಾರಿದಂ. ಓಲಾ, ಉಬರ್‌ನ ಅಲ್ಗಾರಿದಂ ಚಾಲಕರೆಲ್ಲರ ಪರವಾಗಿ ಒಂದೇ ಬೆಲೆ ಕಟ್ಟುತ್ತೆ, ಇದು ಚಾಲಕರ ಮಧ್ಯೆ ಇರಬೇಕಾದ ಪೈಪೋಟಿಯನ್ನ ಕೊಲ್ಲುತ್ತೆ ಅಂತ ಸಮೀರ್ ಅಗರ್ವಾಲ್ ಎಂಬ ವಕೀಲರು ಸಿಸಿಐಗೆ ಹೋಗಿದ್ದರು. ಚಾಲಕರ ಮಧ್ಯೆ ಅಂಥ ಒಪ್ಪಂದ ಇಲ್ಲ ಅಂತ 2018ರಲ್ಲಿ ಆಯೋಗ ಆ ದೂರನ್ನ ಮುಚ್ಚಿತು, 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನ ಒಪ್ಪಿತು. 2023ರ ತಿದ್ದುಪಡಿ ಮಧ್ಯದಲ್ಲಿ ನಿಂತು ಒಳಒಪ್ಪಂದಕ್ಕೆ ಕೈ ಜೋಡಿಸೋರನ್ನೂ ಹೊಣೆ ಮಾಡುತ್ತೆ. ಆದರೂ ಒಪ್ಪಂದವೇ ಇಲ್ಲದೆ ಕೋಡ್ ಒಂದೇ ಬೆಲೆ ಕಟ್ಟಿದರೆ ಏನು ಅನ್ನೋದು ಇನ್ನೂ ತೆರೆದ ಪ್ರಶ್ನೆ. ಇದಕ್ಕೆ ಬರೀ ವಕೀಲರು ಸಾಲದು, ಕೋಡ್ ಓದಬಲ್ಲವರು ಬೇಕು. ಅಂದರೆ ನಮ್ಮಂಥವರು.

ಮೂರು, ರಾಜಿ. ತನಿಖೆ ನಡೀತಿರುವಾಗ ಕಂಪನಿಗಳು ಸರಿಪಡಿಸಿಕೊಳ್ತೀವಿ ಅಂತ ಮಾತು ಕೊಟ್ಟೋ ದುಡ್ಡು ಕಟ್ಟಿಯೋ ಕೇಸ್ ಮುಗಿಸಿಕೊಳ್ಳೋ ದಾರಿ ಈಗ ತೆರೆದಿದೆ. ವರ್ಷಗಟ್ಟಲೆ ಎಳೆಯೋ ಕೇಸುಗಳಿಗಿಂತ ಇದು ವಾಸಿ. ಆದರೆ ದಂಡದ ದುಡ್ಡು ಹೋಗೋದು ಸರ್ಕಾರದ ಖಜಾನೆಗೆ. ನಷ್ಟ ಆದವರು ಪರಿಹಾರ ಬೇಕಂದರೆ ಮೇಲ್ಮನವಿ ನ್ಯಾಯಮಂಡಳಿಗೆ ಬೇರೆ ಅರ್ಜಿ ಹಾಕಬೇಕು. ನೂರೈವತ್ತು ರೂಪಾಯಿ ಹೆಚ್ಚಿಗೆ ಕೊಟ್ಟ ವಿದ್ಯಾರ್ಥಿ ಯಾರಾದರೂ ದೆಹಲಿಗೆ ಅರ್ಜಿ ಹಾಕ್ತಾನಾ? ಹಾಕಲ್ಲ. ಒಬ್ಬೊಬ್ಬರಿಗೆ ಚಿಲ್ಲರೆ, ಊರಿಗೆಲ್ಲ ಕೂಡಿದರೆ ಕೋಟಿ. ಗ್ರಾಹಕರ ಹೆಸರಲ್ಲಿ ನಡೆಯೋ ಕಾನೂನಿನಲ್ಲಿ ಗ್ರಾಹಕರಿಗೆ ಏನೂ ವಾಪಸ್ ಬಾರದೇ ಇರೋದು ಸುಧಾರಣೆ ಆಗಬೇಕಾದ ಜಾಗ.

2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡೂ ಹೊರಬಂತು. ಯುರೋಪಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಥರ, ತಪ್ಪು ನಡೆದಮೇಲೆ ಹಿಡಿಯೋದಕ್ಕಿಂತ ಮೊದಲೇ ನಿಯಮ ಹಾಕೋ ಯೋಚನೆ. ಭಾರತದಲ್ಲಿ 4,000 ಕೋಟಿ ವಹಿವಾಟಿನಂಥ ಆರ್ಥಿಕ ಮಿತಿ, ಜೊತೆಗೆ 1 ಕೋಟಿ ಬಳಕೆದಾರರು ಅಥವಾ 10,000 ವ್ಯಾಪಾರಿ ಬಳಕೆದಾರರು ಇರೋ ದೊಡ್ಡ ಪ್ಲಾಟ್‌ಫಾರ್ಮ್‌ಗಳಿಗೆ ಇದು ಅನ್ವಯ ಆಗಬೇಕು ಅನ್ನೋದು ಪ್ರಸ್ತಾಪ. ಇದಕ್ಕೆ ವಿರೋಧವೂ ಇದೆ. ಮೊದಲೇ ಕಟ್ಟಿಹಾಕಿದರೆ ಹೊಸ ಫೀಚರ್ ಬರಲ್ಲ, ಬೆಳೆಯೋ ಸ್ಟಾರ್ಟಪ್‌ಗಳಿಗೇ ಏಟು ಅಂತಾರೆ. ನಮ್ಮಲ್ಲಿ ಸ್ಟಾರ್ಟಪ್ ಕನಸು ಇಟ್ಕೊಂಡಿರೋರು ಈ ಮಾತನ್ನ ತಳ್ಳಿಹಾಕಲ್ಲ. 2015ರಲ್ಲೇ ಇಂಥ ನಿಯಮ ಇದ್ದಿದ್ದರೆ ಬೆಂಗಳೂರಿನ ಆ್ಯಪ್ ಕ್ರಾಂತಿಯೇ ನಿಧಾನ ಆಗ್ತಿತ್ತೇನೋ.

ಆದರೆ ಆ ಕರಡಿನಲ್ಲಿರೋ ಒಂದು ಅಂಶ ನಮ್ಮ ಪ್ರಶ್ನೆಗೆ ನೇರ ಉತ್ತರ: ಡೇಟಾ ಹೊತ್ತೊಯ್ಯೋ ಹಕ್ಕು. ಐದು ವರ್ಷ ಗಾಡಿ ಓಡಿಸಿ 4.8 ಸ್ಟಾರ್ ಗಳಿಸಿದ ಚಾಲಕ ಬೇರೆ ಆ್ಯಪ್‌ಗೆ ಹೋದರೆ ಸೊನ್ನೆಯಿಂದ ಶುರು ಮಾಡಬೇಕು. ಅವರ ದುಡಿಮೆಯ ಹೆಸರು ಕಂಪನಿಯ ಸರ್ವರ್‌ನಲ್ಲಿ ಒತ್ತೆ ಇರುತ್ತೆ. ಯುಪಿಐ ನೋಡಿ, ಒಂದು ಆ್ಯಪಿಂದ ಇನ್ನೊಂದಕ್ಕೆ ದುಡ್ಡು ಹೋಗುತ್ತೆ, ಬೇಡ ಅನ್ನಿಸಿದರೆ ಆ್ಯಪ್ ಬದಲಾಯಿಸಬಹುದು, ಬ್ಯಾಂಕ್ ಖಾತೆ ಅದೇ ಇರುತ್ತೆ. ರೇಟಿಂಗ್, ಟ್ರಿಪ್ ದಾಖಲೆ, ದೂರಿನ ದಾಖಲೆ ಹೀಗೆ ಹೊತ್ತೊಯ್ಯೋ ಹಾಗಾದರೆ ಬೆಲೆಗೆ ಮಿತಿ ಹಾಕೋ ಆದೇಶಗಳ ಅರ್ಧ ಕೆಲಸ ಕಡಿಮೆ ಆಗುತ್ತೆ. ಕಾನೂನು ಹೇಳಿದ್ದನ್ನ ಪ್ರೋಟೋಕಾಲ್ ಮಾಡಿ ತೋರಿಸಬೇಕಾದ ಜಾಗ ಇದು.

ಗಾಡಿಯ ಹೊರಗಿನ ಆಯ್ಕೆ

ಇನ್ನೊಂದು ಮಾತು. ಇಳಿದು ಹತ್ತೋ ಬೇರೆ ಗಾಡಿ ಇನ್ನೊಂದು ಆಟೋವೇ ಆಗಬೇಕಂತಿಲ್ಲ. ಯಶವಂತಪುರದಲ್ಲಿ ಹಸಿರು ಮೆಟ್ರೋ ಇದೆ. ಅಲ್ಲಿಂದ ಮೆಜೆಸ್ಟಿಕ್‌ಗೆ ಆಟೋ ಜಾಸ್ತಿ ಕೇಳಿದರೆ ನಾವು ಮೆಟ್ರೋ ಮೆಟ್ಟಿಲು ಹತ್ತುತ್ತೇವೆ, ಚರ್ಚೆಯೇ ಇಲ್ಲ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರದವರಿಗೆ ಆ ಮೆಟ್ಟಿಲು ಇನ್ನೂ ಇಲ್ಲ. ವಿಮಾನ ನಿಲ್ದಾಣದ ನೀಲಿ ಮಾರ್ಗ ಕಟ್ಟೋ ಕೆಲಸ ನಡೀತಿದೆ, ಹೆಬ್ಬಾಳ-ಯಶವಂತಪುರ ಮೂಲಕ ಹೋಗೋ ಉಪನಗರ ರೈಲಿನ ಮಲ್ಲಿಗೆ ಮಾರ್ಗವೂ ಹಾಗೇ. ಅದೇ ಆ್ಯಪ್, ಅದೇ ಅಲ್ಗಾರಿದಂ, ಆದರೆ ಉತ್ತರ ಬೆಂಗಳೂರಿನ ಗ್ರಾಹಕನ ಕೈ ಕಟ್ಟಿದೆ. ಎಷ್ಟು ಆ್ಯಪ್ ಇದೆ ಅಂತ ಎಣಿಸೋ ಬದಲು ಗ್ರಾಹಕರು ಎಷ್ಟರಮಟ್ಟಿಗೆ ಅವಲಂಬಿಸಿದ್ದಾರೆ ಅಂತ ನೋಡಿ ಅಂತ ಕಾಯ್ದೆಯ 19ನೇ ಸೆಕ್ಷನ್ ಆಯೋಗಕ್ಕೆ ಈಗಾಗಲೇ ಹೇಳಿದೆ. ಅದನ್ನ ನಿಜವಾಗಿ ಅಳೆದರೆ ಸಾಕು.

ಇಷ್ಟೆಲ್ಲ ಓದಿ ನಾವೇನು ಮಾಡಬಹುದು? ಸಮೀರ್ ಅಗರ್ವಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ದೂರನ್ನ ಒಪ್ಪದಿದ್ದರೂ ಒಂದು ಬೆಲೆಬಾಳೋ ಮಾತು ಹೇಳಿತು: ಸ್ಪರ್ಧೆಗೆ ಧಕ್ಕೆ ಆಗ್ತಿದೆ ಅಂತ ಆಯೋಗಕ್ಕೆ ಮಾಹಿತಿ ಕೊಡೋಕೆ ಸ್ವಂತ ನಷ್ಟ ಆಗಿರಬೇಕಿಲ್ಲ, ಯಾರು ಬೇಕಾದರೂ ಕೊಡಬಹುದು. ಅಂದರೆ ಒಂದು ಕಾಲೇಜಿನ ಕನ್ನಡ ಸಂಘವೂ ಕೊಡಬಹುದು. ಕೊಡೋಕೆ ಮುಂಚೆ ದಾಖಲೆ ಬೇಕು. ಅದಕ್ಕೇ ನಾವು ಒಂದು ಸಣ್ಣ ಕೆಲಸ ಶುರು ಮಾಡಿದ್ದೇವೆ. ಕಾಲೇಜು ಗೇಟಿಂದ ಯಶವಂತಪುರಕ್ಕೆ, ಹೆಬ್ಬಾಳಕ್ಕೆ, ಆರ್.ಟಿ. ನಗರಕ್ಕೆ ವಾರಕ್ಕೆರಡು ಸಲ, ಒಂದೇ ಹೊತ್ತಿಗೆ, ಬೇರೆ ಬೇರೆ ಫೋನಿನಲ್ಲಿ ಆಟೋ ಬೆಲೆ ನೋಡಿ ಬರೆದಿಡೋದು. ಆ್ಯಪ್ ತೋರಿಸಿದ್ದು, ಟಿಪ್ ಕೇಳಿದ್ದು, ಕೊನೆಗೆ ಕೊಟ್ಟಿದ್ದು, ಮೀಟರ್ ಲೆಕ್ಕ, ನಾಲ್ಕು ಕಾಲಂ. ಜೊತೆಗೆ ಸಾಧ್ಯವಾದಾಗಲೆಲ್ಲ ಚಾಲಕರನ್ನೂ ಒಂದು ಪ್ರಶ್ನೆ ಕೇಳ್ತೀವಿ: “ಅಣ್ಣಾ, ಈ ಆ್ಯಪ್ ಬಿಡಬೇಕು ಅಂದ್ರೆ ಏನು ಕಷ್ಟ?”

ಸೇರೋರು ಬನ್ನಿ. ಲ್ಯಾಬ್ ರೆಕಾರ್ಡ್ ಬರೆಯೋ ಅಭ್ಯಾಸ ಹೇಗೂ ಇದೆ. ಅಂದಹಾಗೆ, ಆ ದೀಪಾವಳಿ ಸಂಜೆ ಯಶವಂತಪುರದಲ್ಲಿ ಇಳಿದಾಗ ಆಟೋ ಅಣ್ಣ ನಾನೂರರಲ್ಲಿ ಇಪ್ಪತ್ತು ವಾಪಸ್ ಕೊಟ್ಟು, “ಊರಿಗೆ ಹೋಗ್ತಿದ್ದೀರ, ದಾರೀಲಿ ಟೀ ಕುಡೀರಿ” ಅಂದರು. ಅವರ ಮೇಲೆ ನಮಗೆ ಸಿಟ್ಟಿಲ್ಲ. ಅವರಿಗೂ ಆವತ್ತು ಇಳಿದು ಹತ್ತೋಕೆ ಬೇರೆ ಗಾಡಿ ಇರಲಿಲ್ಲ.